ಸೋರಿಕೆ

‘ಊದಿ, ಊದಿ, ಇನ್ನೂ, ಇನ್ನೂ, ಬಿಡಬೇಡಿ’—
ದಿನಕ್ಕೆ ಮೂವತ್ತು ಮಂದಿಗೆ ಹೀಗೆ ಕೂಗುವುದು ನನ್ನ ಕೆಲಸ.
ಮೂಗಿಗೆ ಕ್ಲಿಪ್ಪು, ಬಾಯಲ್ಲಿ ರಟ್ಟಿನ ಕೊಳವೆ,
ಎದುರಿಗೆ ಗೊರಗುಂಟೆಪಾಳ್ಯದ ಫ್ಲೈಓವರ್ ಕೆಳಗಿನ
ಪಂಕ್ಚರ್ ದಸ್ತಗೀರ್ ಸಾಬರು.
ಮೂರನೇ ಸಲ ಕೆಮ್ಮಿ, ಕಣ್ಣೊರೆಸಿಕೊಂಡು ನಕ್ಕರು:
‘ನಲವತ್ತು ವರ್ಷ ಊರಿಗೆಲ್ಲ ಗಾಳಿ ಹಾಕಿದೀನಿ ತಾಯಿ,
ನನಗೇ ಕಮ್ಮಿ ಬಿತ್ತು ನೋಡಿ.’

ಹಾಕೋದಲ್ಲ ಸಾಬ್ರೇ, ಅಂದೆ.
ನಿಮ್ಮ ಕಂಪ್ರೆಸರ್ ತಳ್ಳುತ್ತೆ, ಎದೆ ತಳ್ಳಲ್ಲ.
ಪಕ್ಕೆಲುಬಿನಡಿ ಕೊಡೆಯ ಹಾಗೆ ಉಬ್ಬಿದ ಮಾಂಸದ ಹಾಳೆ
ತಗ್ಗಿ ಜಾಗ ಬಿಡುತ್ತೆ, ಅಷ್ಟೆ.
ತುಮಕೂರು ರಸ್ತೆಯ ಗಾಳಿ ತಾನೇ ನುಗ್ಗುತ್ತೆ,
ಲಾರಿ ಹೊಗೆ, ತಳ್ಳುಗಾಡಿಯ ಒಗ್ಗರಣೆ ಸಮೇತ.
ಕೊಳವೆ ಕವಲೊಡೆದು, ಕವಲು ಕವಲೊಡೆದು,
ಇಪ್ಪತ್ತಮೂರನೇ ಕವಲಿನ ಕೊನೆಗೆ ಗುಳ್ಳೆಗಳು,
ಮೂವತ್ತು ಕೋಟಿಗೂ ಮಿಗಿಲು.

‘ಗುಳ್ಳೆಯಾ?’
ಗುಳ್ಳೆ ಅವರ ಕಸುಬು.
ಟ್ಯೂಬನ್ನು ಬಾಣಲಿ ನೀರಿಗಿಳಿಸಿ, ಹಿಂಡಿ, ತಿರುಗಿಸಿ,
ಬುಳುಬುಳು ಎದ್ದಲ್ಲಿ ಬೆರಳಿಟ್ಟು,
ಉಜ್ಜಿ, ಸೊಲ್ಯೂಷನ್ ಹಚ್ಚಿ, ಮುಚ್ಚುವವರು.

ಇಲ್ಲಿ ಮುಚ್ಚಿದರೆ ಕೆಟ್ಟಿರಿ.
ಈ ಗುಳ್ಳೆ ಇರೋದೇ ಸೋರೋದಕ್ಕೆ.
ಕೂದಲನ್ನು ನೂರಾಗಿ ಸೀಳಿದರೆ ಒಂದು ಸೀಳಿನಷ್ಟು ಗೋಡೆ;
ಆಚೆ ಬದಿ ಸಾಲಾಗಿ, ಮೈ ಹಿಡಿ ಮಾಡಿಕೊಂಡು, ರಕ್ತದ ಕಣ.
ಹೆಚ್ಚಿರುವಲ್ಲಿಂದ ಕಮ್ಮಿ ಇರುವಲ್ಲಿಗೆ
ಆಮ್ಲಜನಕ ಜಿನುಗಿ ದಾಟುತ್ತೆ,
ಕಣದೊಳಗಿನ ಕಬ್ಬಿಣ ಕೈಹಿಡಿಯುತ್ತೆ.
ಮೈಯೆಲ್ಲ ಉರಿದುಳಿದ ಇಂಗಾಲದ ಗಾಳಿ
ಅದೇ ಗೋಡೆ ಹಾಯ್ದು ಈಚೆಗೆ.
ತಳ್ಳೋರಿಲ್ಲ, ತಡೆಯೋರಿಲ್ಲ,
ಮುಕ್ಕಾಲು ಸೆಕೆಂಡಿನ ವಹಿವಾಟು.

‘ಅಷ್ಟು ಸಣ್ಣವು, ಒದ್ದೆ ಬೇರೆ, ಅಂಟಿಕೊಳ್ಳಲ್ವಾ?’
ಒಳಗೊಂದು ಸೋಪಿನಂಥ ಪಸೆ ಇದೆ, ಅಂದೆ.
‘ಅಲ್ಲೂ ಸೋಪುನೀರೇ!’ ತೊಡೆ ತಟ್ಟಿಕೊಂಡರು.

ಗೋಡೆ ಕುಸಿಯುವುದನ್ನು ಹೇಳಲಿಲ್ಲ.
ಹತ್ತು ಗುಳ್ಳೆ ಒಡೆದು ಒಂದೇ ದೊಡ್ಡ ಗುಳ್ಳೆಯಾಗಿ,
ಗಾಳಿ ಇದ್ದೂ ದಾಟಲು ಗೋಡೆಯೇ ಇಲ್ಲದಂತಾಗುವುದನ್ನು.
ಪರದೆಯ ಮೇಲೆ ಗೆರೆ ಒಂದಿಷ್ಟು ಏರಿ
ಇಳಿಜಾರಿನಲ್ಲಿ ಗುಳಿಬಿದ್ದು ಕೂತಿತ್ತು.
ಡಾಕ್ಟರು ಹೇಳಲಿ.

ಬಾಗಿಲಲ್ಲಿ ನಿಂತರು, ಚೌಕಟ್ಟು ಹಿಡಿದು:
‘ಪೂರ್ತಿ ಖಾಲಿ ಮಾಡಿಬಿಟ್ರಿ ತಾಯಿ.’
ಎಲ್ಲಿ ಸಾಬ್ರೇ, ಎಷ್ಟು ಊದಿದರೂ
ಲೀಟರಿನ ಮೇಲೊಂದಿಷ್ಟು ಒಳಗೇ ಉಳಿದುಬಿಡುತ್ತೆ.
ಅದನ್ನು ಅಳೆಯೋಕೆ ನನ್ನ ಮೆಷೀನಿಗೆ ಬರಲ್ಲ.

ಮುಂದಿನ ಟೋಕನ್ ಕೂಗಿದೆ.
ಬಿನ್ನಿಗೆ ಹಾಕಲೆಂದು ಎತ್ತಿದ ರಟ್ಟಿನ ಕೊಳವೆ
ಇನ್ನೂ ಬೆಚ್ಚಗಿತ್ತು.