ನೀಲಿ ಪೀಪಾಯಿ

ಜರಿಮರಿಯ ಚಾಳಿಗೆ ನೀರು ಬರುವುದು
ನಾಲ್ಕೂ ಹತ್ತಕ್ಕೆ. ಹೋಗುವುದು ಐದಕ್ಕೆ, ಹೇಳದೆ.
ಆ ಹೊತ್ತಿಗೆ ನಾನು ವಾಡಿ ಬಂದರಿನ ಲಾರಿ ಆಫೀಸಿನಲ್ಲಿ
ಕೊನೆಯ ಬಿಲ್ಟಿಗೆ ಠಸ್ಸೆ ಒತ್ತುತ್ತಿರುತ್ತಿದ್ದೆ:
ಎಷ್ಟು ಗೋಣಿ ಏರಿತು, ಎಷ್ಟು ಹರಿಯಿತು,
ಹರಿದದ್ದು ಯಾರ ತಲೆಗೆ.

ಆರೂವರೆಗೆ ಬಂದರೆ ಬಾಗಿಲ ಹೊರಗೆ ನನ್ನ ಪೀಪಾಯಿ
ಕಂಠಮಟ್ಟ ತುಂಬಿ, ಮುಚ್ಚಳದ ಮೇಲೊಂದು ಕಲ್ಲು.
ಮೂರು ವರ್ಷ.
ಮೊದಮೊದಲು, ಬಾಡಿಗೆಯಲ್ಲೇ ಸೇರಿರಬೇಕು ಅಂದುಕೊಂಡೆ.
ಆಮೇಲೆ ಅಂದುಕೊಳ್ಳುವುದನ್ನೂ ಬಿಟ್ಟೆ.
ಮಿಂದೆ. ಲುಂಗಿ ಒಗೆದೆ. ಮಿಕ್ಕಿದ್ದನ್ನು ಮೋರಿಗೆ ಚೆಲ್ಲಿದೆ.

ಒಂದು ಮಂಗಳವಾರ
ಮುಚ್ಚಳ ಎತ್ತಿದರೆ ತಳದಲ್ಲಿ ಒಂದು ಜಿರಳೆ.
ಬುಧವಾರ ಅದೇ ಜಿರಳೆ.
ಬೈದೆ. ಯಾರನ್ನು ಎಂದು ಗೊತ್ತಿಲ್ಲದೆ ಬೈದೆ.
ಎದುರು ಖೋಲಿಯ ಹುಡುಗ ಹಲ್ಲುಜ್ಜುತ್ತಾ ಅಂದ:
"ಸೆವ್ರಿನ್ ಬಾಯಿ ಬಿದ್ದು ಸಾಯನ್ ಆಸ್ಪತ್ರೆಯಲ್ಲಿದ್ದಾಳಲ್ಲ,
ಇನ್ಯಾರು ತುಂಬಬೇಕು?"

ಸೆವ್ರಿನ್ ಬಾಯಿ. ಹನ್ನೊಂದನೆಯ ಖೋಲಿ.
ನನ್ನ ರೇಡಿಯೋ ಸದ್ದಿಗೆ ಒಮ್ಮೆ ಗೋಡೆ ಬಡಿದಿದ್ದಕ್ಕೆ
ಮುದಿ ಗೂಬೆ ಎಂದಿದ್ದೆ, ಕೇಳಿಸುವ ಹಾಗೆ.

ಗುಮಾಸ್ತನಲ್ಲವೆ, ಕೂತು ಲೆಕ್ಕ ಹಾಕಿದೆ.
ದಿನಕ್ಕೆ ಆರು ಕೊಡ. ನಲ್ಲಿಯಿಂದ ನಲವತ್ತು ಹೆಜ್ಜೆ,
ಹೋಗಿ ನಲವತ್ತು, ಬಂದು ನಲವತ್ತು.
ಗುಣಿಸುತ್ತ ಹೋದರೆ ಹೆಂಗಸು ರತ್ನಾಗಿರಿ ಮುಟ್ಟಿದ್ದಾಳೆ,
ಅದರಲ್ಲಿ ಅರ್ಧ ದಾರಿ ಸೊಂಟದಲ್ಲಿ ಕೊಡ.

ಬಂದಳು, ಬಲಗೈಗೆ ಪ್ಲಾಸ್ಟರು.
ನೂರರ ಐದು ನೋಟು ಹಿಡಿದು ನಿಂತೆ.
ಹೊಸ್ತಿಲು ದಾಟಲು ಬಿಡಲಿಲ್ಲ.
"ಯಾವ ನೀರು ಮಾರಾಯ? ಒಳಗಿಡು ನಿನ್ನ ದುಡ್ಡು.
ಪೌಲ ಅಂತ ಒಬ್ಬ ಯಾವುದೋ ಊರಿನವರಿಗೆ ಕಾಗದ ಬರೆದಿದ್ದನಂತೆ,
ಪಾದ್ರಿಗಳು ಓದಿದ್ರು. ಪ್ರೀತಿಗೆ ಲೆಕ್ಕ ಬರುದಿಲ್ಲಂತೆ.
ನಂಗೂ ಬರುದಿಲ್ಲ. ಶಾಲೆಗೆ ಹೋದವಳಲ್ಲ."

ಆ ಕಾಗದವನ್ನು ಎಷ್ಟೋ ಕಾಲದ ಮೇಲೆ ನಾನೇ ಓದಿದೆ.
ಬಾಯಿ, ಅಲ್ಲಿರುವುದು ಕೇಡಿನ ಲೆಕ್ಕದ ಮಾತು;
ಮಂದಿ ಮಾಡಿದ ಕೇಡನ್ನು ಬರೆದಿಟ್ಟುಕೊಳ್ಳದಿರುವುದು.
ನೀನು ತಪ್ಪು ಕೇಳಿಸಿಕೊಂಡೆ.
ಇಲ್ಲವೇ, ಗೂಬೆಯ ಬದಿಯನ್ನು ಖಾಲಿ ಬಿಟ್ಟವಳು
ಕೈ ತಾಗಿ, ಜಮೆಯ ಬದಿಯನ್ನೂ ಬಿಟ್ಟೆ.

ಪ್ಲಾಸ್ಟರು ಬಿಚ್ಚಲು ಇನ್ನೂ ವಾರವಿದ್ದಾಗ
ಒಂದು ಬೆಳಿಗ್ಗೆ ಬಾಗಿಲಿಗೆ ಬಂದರೆ
ಪೀಪಾಯಿಯಲ್ಲಿ ಅರ್ಧ ನೀರು.
ಮುಚ್ಚಳ ಓರೆ. ಕಲ್ಲು ನೆಲದಲ್ಲೇ.
ಎಡಗೈಗೆ ಅಷ್ಟೇ ಆಗಿತ್ತು.