ಸಾಕು

ಹಾಸನದ ಸಂತೆಪೇಟೆ. ಗೋಣಿಚೀಲದ ಗೋದಾಮು.
ಅದರ ತಲೆಯ ಮೇಲೆ ತಗಡಿನ ಕೋಣೆ,
ಕೋಣೆ ತುಂಬ ಕಬ್ಬಿಣದ ಹಲಗೆ,
ಹಲಗೆ ತುಂಬ ಜಾಮಿನ ಬಾಟಲಿ,
ಒಂದೊಂದರಲ್ಲೂ ಬೆರಳುದ್ದ ಆಲೂಗೆಡ್ಡೆ ಸಸಿ.
ಮಣ್ಣು ಕಂಡಿಲ್ಲ, ಬಿಸಿಲು ಕಂಡಿಲ್ಲ.
ಹದಿನಾರು ತಾಸು ದೀಪ, ಎಂಟು ತಾಸು ಕತ್ತಲೆ,
ಅಷ್ಟೇ ಅವುಗಳ ಪಂಚಾಂಗ.

"ಜಲಂಧರದ ಬೀಜಕ್ಕೆ ಎಷ್ಟು ವರ್ಷ ಕಾಯೋದು ಇಲಿಯಾಸಣ್ಣ,
ಇಲ್ಲೇ ಮಾಡ್ತೀನಿ" ಅಂದಿದ್ದಳು ತಾರಾಮಣಿ.
ನಾನು ಮೋಟಾರು ಸುತ್ತೋನು.
ಸುಟ್ಟ ವಾಸನೆಯಲ್ಲೇ ಕಾಯಿಲೆ ಹೇಳೋನು:
ಇದು ವಾರ್ನಿಷ್, ಇದು ಬೇರಿಂಗು, ಇದು ಮಾಲೀಕನ ಜಿಪುಣತನ.
ಅವಳ ಕೋಣೆಗೆ ಹೋದ ದಿನ ಮೂಗಿಗೆ ಬಂದದ್ದು ನಾಲ್ಕನೆಯದು,
ಇನ್ನೂ ಹೆಸರಾಗದ್ದು.
ಚೋಕಿನ ಮೇಲೆ ಕೈಯಿಟ್ಟೆ,
ಒಲೆಯಿಂದ ಆಗಷ್ಟೇ ಇಳಿಸಿದ ಕಾವಲಿ.
ಕೆಳಗೆ ಆರು ಸಾವಿರ ಒಣ ಚೀಲ.
ಮಾತಾಡದೆ ಮೇನ್ ಇಳಿಸಿದೆ.

"ಬೆಳಕು ನಿಂತರೆ ಸಸಿ ಸಾಯ್ತಾವೆ!"
"ಇವತ್ತೊಂದು ದಿನ ಬೇಗ ಮಲಗಲಿ ಬಿಡವ್ವ."

ಮೊದಲು ಹಾಕಿದ್ದು ಹಳೇ ಇಸ್ತ್ರಿಪೆಟ್ಟಿಗೆಯ ಥರ್ಮೋಸ್ಟಾಟು.
ಎರಡು ಲೋಹದ ಪಟ್ಟಿ, ಬೆನ್ನಿಗೆ ಬೆನ್ನು ಬೆಸೆದದ್ದು.
ಕಾದರೆ ಒಂದು ಜಾಸ್ತಿ ಹಿಗ್ಗುತ್ತೆ, ಇನ್ನೊಂದು ಕಡಿಮೆ,
ಆ ಜಗಳಕ್ಕೆ ಎರಡೂ ಬಾಗಿ ಕರೆಂಟಿನ ಕೈ ಬಿಡಬೇಕು.
ಬಾಗಲೇ ಇಲ್ಲ.
ಅದಕ್ಕೆ ಗೊತ್ತಿದ್ದದ್ದು ರೇಷ್ಮೆ, ಉಣ್ಣೆ, ಹತ್ತಿ.
ಎಲೆ ಅನ್ನೋ ಬಟ್ಟೆ ಅದರ ಚಕ್ರದಲ್ಲಿ ಬರೆದಿರಲಿಲ್ಲ.

ಆಮೇಲೆ ಗುಜರಿಯಲ್ಲಿ ಸಿಕ್ಕಿತು
ಸಾಲಗಾಮೆ ರಸ್ತೆಯ ಮುಚ್ಚಿದ ಕೋಳಿ ಫಾರಮ್ಮಿನದು,
ಮೊಟ್ಟೆಗೆ ಕಾವು ಕೊಡೋ ಪೆಟ್ಟಿಗೆಯ ಡಬ್ಬ.
ಮೂವತ್ತೇಳೂವರೆ ಅದಕ್ಕೆ ಬಾಯಿಪಾಠ.
ತಿರುಪು ಬಿಚ್ಚಿ, ಹಿಂದಕ್ಕೆ ತಿರುಗಿಸಿ, ಮರೆಸಿದೆ.
ಮೂವತ್ತಕ್ಕೆ ಆರಿಸು, ಇಪ್ಪತ್ತಾರಕ್ಕೆ ಹಚ್ಚು.
ನಡುವಿನ ನಾಲ್ಕು ಡಿಗ್ರಿ ಬೇಕೇ ಬೇಕು.
ಇಲ್ಲದಿದ್ದರೆ ಹಚ್ಚು ಆರಿಸು ಹಚ್ಚು ಆರಿಸು,
ಚಳಿಜ್ವರದ ಹಲ್ಲಿನ ಹಾಗೆ ಟಕಟಕ,
ತಿಂಗಳೊಳಗೆ ಪಾಯಿಂಟೆಲ್ಲ ಕರಿ.

ವಾರ ಬಿಟ್ಟು ಹೋದರೆ
ಶಾಖ ಅಳೆಯೋ ಕಡ್ಡಿ ನಾನಿಟ್ಟ ಜಾಗದಲ್ಲಿಲ್ಲ.
ಏಸಿಯ ಬಾಯಿಗೆ ಕಟ್ಟಿದ್ದಾಳೆ, ಕೆಂಪು ದಾರದಲ್ಲಿ.
"ಅಲ್ಲಿದ್ರೆ ಸುಮ್ಮಸುಮ್ಮನೆ ಆರಿಸುತ್ತಣ್ಣ."
ನಿಜ ಹೇಳೋದೊಂದೇ ಕಲಿತದ್ದು ಪಾಪ,
ತಂಗಾಳಿಯಲ್ಲಿ ಕೂರಿಸಿ ಕೇಳಿದರೆ ತಂಪೇ ಅನ್ನುತ್ತೆ.
ಬಿಚ್ಚಿ ತಂದು, ಮೇಲಿನ ಹಲಗೆಯ ಅತಿ ಸೆಕೆಯ ಮೂಲೆಯಲ್ಲಿ
ಬಾಟಲಿಗಳ ಸಾಲಿಗೇ ಸೇರಿಸಿದೆ.
ಗಂಟು ಮಾತ್ರ ಅವಳ ಕೈಯಲ್ಲೇ ಹಾಕಿಸಿದೆ.

ಮಾರ್ಚಿಯಲ್ಲಿ ಒಂದು ಸೋಮವಾರ, ಊಟದ ಹೊತ್ತಿಗೆ ಫೋನು.
"ನಿನ್ನ ಕೋಳಿ ಡಬ್ಬ ಕೆಟ್ಟಿದೆ, ಬಾ, ಎಲ್ಲಾ ಕತ್ತಲು!"
ಕೈ ತೊಳೆದು ಹೋದೆ.
ಏಸಿ ಸತ್ತು ಎಷ್ಟು ಹೊತ್ತಾಗಿತ್ತೋ.
ತಗಡು ಕಾದು ಟಿಣ್ ಟಿಣ್ ಅನ್ನುತ್ತಿತ್ತು.
ಡಬ್ಬ ಕೆಟ್ಟಿರಲಿಲ್ಲ.
ಚೋಕು ಮುಟ್ಟಿದೆ, ಕೈ ಹಿಂದೆಗೆಯಬೇಕಾಗಲಿಲ್ಲ.
ಕೆಳಗೆ ಹಮಾಲಿಗಳು ಚೀಲದ ಮೇಲೆ ಮಲಗಿದ್ದರು,
ಒಬ್ಬ ಬಾಯಿ ತೆರೆದು ಗೊರಕೆ ಹೊಡೆಯುತ್ತಿದ್ದ.
ಏನೂ ಆಗಿರಲಿಲ್ಲ.
ಆಗದೇ ಉಳಿದದ್ದಕ್ಕೆ ಬಿಲ್ಲು ಬರೆಯೋದು ಹೇಗೆ?
ಏಸಿ ರಿಪೇರಿ ಅಂತ ಬರೆದು ಮುನ್ನೂರು ಹಾಕಿದೆ.

ಸಂಜೆವರೆಗೂ ಕೂತೆವು, ಬಾಟಲಿಗಳ ನಡುವೆ, ಇಬ್ಬರೂ.
ಅವಳು ತಂದ ಚಹಾ ಕತ್ತಲಲ್ಲೇ ಕುಡಿದೆ.
ಏಳು ದಾಟಿದ ಮೇಲೆ ತಗಡು ಸುಮ್ಮನಾಯಿತು.
ಟಕ್.
ಸಾಲು ಸಾಲಾಗಿ ಬೆಳಕು.
ತಾರಾಮಣಿ ಒಂದು ಬಾಟಲಿ ಎತ್ತಿ, ತಿರುಗಿಸಿ ನೋಡಿ,
"ಆರಿಸೋವಾಗ ಏನನ್ನುತ್ತೆ ಇದು?" ಕೇಳಿದಳು.
"ಸಾಕು ಅನ್ನುತ್ತೆ."
"ಮತ್ತೆ ಹಚ್ಚೋವಾಗ?"
ಮೊಟ್ಟೆಯ ಕಾಲದಿಂದಲೂ ಅದಕ್ಕೆ ಬರೋದು ಒಂದೇ ಮಾತು.
"ಆಗಲೂ ಅದೇ," ಅಂದೆ. "ಸಾಕು."