ಐವತ್ತಕ್ಕೆ ಇನ್ನೆರಡು ತಿಂಗಳು

ಅಮ್ಮತ್ತಿಯಿಂದ ಮಡಿಕೇರಿಯವರೆಗೂ ಬಸ್ಸಿನಲ್ಲಿ
ಅಕ್ಕ ಫೈಲನ್ನು ಮಡಿಲಲ್ಲಿಟ್ಟುಕೊಂಡೇ ಕೂತಳು
ಸಂತೆಯಿಂದ ಮೊಟ್ಟೆ ತರುವವರ ಹಾಗೆ,
ಪ್ರತಿ ತಿರುವಿಗೂ ಮೈ ಬಿಗಿದು.

ಕಾನೂನು ಐವತ್ತು ಎನ್ನುತ್ತದೆ.
ಚೋಂದಕ್ಕನಿಗೆ ನಲವತ್ತೊಂಬತ್ತು, ಮೇಲೆ ಹತ್ತು ತಿಂಗಳು.
ರೇಷನ್ ಅಂಗಡಿ ಬಾಗಿಲು ಹಾಕುವ ಮುಂಚೆ ಓಡುವಂತೆ
ಓಡುತ್ತಿದ್ದೇವೆ ಇಬ್ಬರೂ.
ಯಾಕೆ ಓಡಬೇಕು ಎಂದು ಕೇಳಬೇಕಾದವಳು ನಾನು,
ಅವಳ ಛತ್ರಿ ಹಿಡಿದುಕೊಂಡಿದ್ದೇನೆ.

ಲೆಕ್ಕ ಹಾಕಿಲ್ಲವೆಂದಲ್ಲ.
ಮಗು ಹತ್ತನೇ ಕ್ಲಾಸು ಬರೆಯುವಾಗ ಅವಳಿಗೆ ಅರವತ್ತಾರು.
ಅದರ ಮದುವೆಯ ಹೊತ್ತಿಗೆ...
ಅಲ್ಲಿ ಎಣಿಸುವುದನ್ನು ಬಿಟ್ಟೆ.

ಅಕ್ಕ ಒಂದೇ ಮಾತು ಅಂದಳು:
"ಉತ್ತಯ್ಯಜ್ಜನಿಗೆ ಅರವತ್ತೊಂದರಲ್ಲಿ ನಮ್ಮಪ್ಪ ಹುಟ್ಟಿದ್ದು.
ಅಂಗಳದಲ್ಲಿ ಕೋವಿ ಹೊಡೆದರು,
ಕೂಸಿನ ಕೈಗೆ ಹರಳುಕಡ್ಡಿಯ ಬಿಲ್ಲು ಕೊಟ್ಟರು.
ಯಾರಾದರೂ ಲೆಕ್ಕ ಹಾಕಿದರಾ?"

ಯಾರೂ ಹಾಕಿರಲಿಲ್ಲ. ಆಮೇಲೆ ಅಪ್ಪ ಹಾಕಿದ,
ಏಳನೇ ವಯಸ್ಸಿಗೆ ತಂದೆಯ ಹೆಣದ ಮುಂದೆ ನಡೆದವನು.
ಶಾಲೆಯ ದಾರಿಯಲ್ಲಿ ಯಾವ ಮುದುಕ ಕಂಡರೂ
ಓಡಿಹೋಗಿ ಕೈ ಹಿಡಿಯುತ್ತಿದ್ದನಂತೆ.
ಅದನ್ನು ನಾನು ಹೇಳಲಿಲ್ಲ.
ಅವಳಿಗೂ ಗೊತ್ತು.

ನರ್ಸು ಕೇಳಿದಳು, ಅಂಡ ಸ್ವಂತದ್ದೋ ದಾನದ್ದೋ.
ಅಕ್ಕನದು ಹಳೇ ರೊಬಸ್ಟಾ ಬುಡ ಕಡಿದು
ಎಳೆ ಕಡ್ಡಿ ಕಸಿ ಕಟ್ಟಿ ಪಳಗಿದ ಕೈ.
"ಬೇರು ನಂದು, ಕಡ್ಡಿ ಬೇರೆಯವರದು" ಎಂದಳು.
ನರ್ಸು ನಕ್ಕಳು. ನನಗೆ ಆ ಕಡ್ಡಿಯದೇ ಯೋಚನೆ:
ಇಪ್ಪತ್ತಮೂರೋ ಇಪ್ಪತ್ತನಾಲ್ಕೋ ಆದ ಹುಡುಗಿ ಯಾರೋ,
ಹತ್ತು ದಿನ ಹೊಟ್ಟೆಗೆ ಸೂಜಿ ಚುಚ್ಚಿಸಿಕೊಂಡವಳು.
ನಮ್ಮಲ್ಲಿ ಹೆಸರಿಗೂ ಮುಂಚೆ ಒಕ್ಕ ಯಾವುದೆನ್ನುತ್ತಾರೆ;
ಈ ಫಾರಂನಲ್ಲಿ ಅವಳ ಹೆಸರಿಗೂ ಜಾಗವಿಲ್ಲ.
ಕಾಫಿ ಗಿಡ ಯಾವತ್ತೂ
ರಾತ್ರಿ ಊಟದ ನಡುವೆ ತಲೆಯೆತ್ತಿ
ನಾನು ಯಾರ ಕಡ್ಡಿ ಎಂದು ಕೇಳಿಲ್ಲ.

"ಅರವತ್ತನೇ ದಿನ ಬಾವಿಗೆ ಹೋಗಿ
ಗಂಗೆಪೂಜೆ ಮಾಡಿ ನೀರು ಹೊತ್ತು ತರಬೇಕಲ್ಲ,
ನಿನ್ನ ಮೊಣಕಾಲು?" ಎಂದೆ, ಬೇರೇನೂ ತೋಚದೆ.
"ಹಿಂದೆ ನೀನು ಬರ್ತೀಯಲ್ಲ."

ಅಷ್ಟು ಸಲೀಸಾಗಿ ಅಂದಳು.
ಆ ಲೆಕ್ಕದಲ್ಲಿ ನನ್ನ ವಯಸ್ಸನ್ನೂ ಕೂಡಿಸಿದ್ದಾಳೆ,
ನಲವತ್ತಮೂರು, ಮದುವೆಯಾಗದ್ದು, ಮೊಣಕಾಲು ಗಟ್ಟಿ.
ಕೋಪ ಬರಬೇಕಿತ್ತು. ಸ್ವಲ್ಪ ಬಂತು ಕೂಡ.

ಸಾಕ್ಷಿ ಎಂದಿರುವಲ್ಲಿ ಸಹಿ ಮಾಡಿ ಎಂದರು.
ನನ್ನ ಪೆನ್ನು ಓಡಲಿಲ್ಲ.
ಅಕ್ಕ ತನ್ನದನ್ನು ತೆಗೆದು
ಅಂಗೈ ಮೇಲೊಮ್ಮೆ ಗೀಚಿ ನೋಡಿ
ಮುಚ್ಚಳ ತನ್ನಲ್ಲೇ ಇಟ್ಟುಕೊಂಡು
ಕೊಟ್ಟಳು.